ಕಲ್ಲು ನೆಕ್ಕುವ ಜನ

ನನಗೆ ಪ್ರವಾಸ ಆಗಿಬರುವುದಿಲ್ಲ. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ ಎಂದು ಹದಿನೇಳು ವರ್ಷ ಪರ್ತ್‌ನ ವಿಮಾನ ನಿಲ್ದಾಣದ ಕುರ್ಚಿಗಳಲ್ಲಿ ಅರೆನಿದ್ದೆ ಮಾಡಿದವನಿಗೆ ರಜೆ ಎಂದರೆ ಜೂಂಡಲಪ್ ಬಡಾವಣೆಯ ಮನೆಯ ಹಿತ್ತಿಲಲ್ಲಿ ಪಂಚೆ ಉಟ್ಟು ಸುಮ್ಮನೆ ಕೂರುವುದು. ನಾನು ಭೂವಿಜ್ಞಾನಿ. ನೆಲ ಕೊರೆದು ತೆಗೆದ ಕಲ್ಲನ್ನು ಟ್ರೇಗಳಲ್ಲಿ ಜೋಡಿಸಿ, ಒಂದೊಂದನ್ನೂ ನೋಡಿ, ಇದರಲ್ಲಿ ಏನಿದೆ, ಏನಿಲ್ಲ ಎಂದು ಬರೆದುಕೊಡುವುದು ನನ್ನ ಹೊಟ್ಟೆಪಾಡು. ನಾನು ಬರೆದದ್ದನ್ನು ಜನ ನಂಬುತ್ತಾರೆ. ಅವರು ನಂಬಲೆಂದೇ ನನಗೆ ಸಂಬಳ.

ಹಾಗಾಗಿ ಹೆಂಡತಿ ಫೋನಿನಲ್ಲಿ ಒಂದು ಪಿಡಿಎಫ್ ತೆರೆದು ನನ್ನ ಮೂಗಿಗೆ ಹಿಡಿದಾಗ ನನಗೆ ರೇಗಿತು. ಆಫ್ರಿಕಾದ ಬುಡಕಟ್ಟುಗಳ ನಡುವೆ ಹನ್ನೆರಡು ದಿನ. ಕಾಲ ಮುಟ್ಟದ ಜನ, ಕಳೆದುಹೋದ ಲೋಕ, ಇನ್ನೂ ಏನೇನೋ. ಅಡಿಲೇಡ್‌ನ ಆಂಟಿಯೊಬ್ಬರು ಕನ್ನಡದವರನ್ನೇ ಒಟ್ಟುಹಾಕಿ ವರ್ಷಕ್ಕೊಂದು ಪ್ರವಾಸ ಹೊರಡಿಸುತ್ತಾರೆ. ಮೊದಲು ಶಾಲೆಯಲ್ಲಿ ಟೀಚರಾಗಿದ್ದವರು. ಹಿಂದೆ ಕಾಂಬೋಡಿಯಾ, ಬಾಲಿ ಆಗಿತ್ತು; ಈ ಸಲ ಇಥಿಯೋಪಿಯಾದ ದಕ್ಷಿಣ ಭಾಗ. ಕಾಲ ಮುಟ್ಟದ ಜನರಂತೆ, ಅದೂ ಜೀಪಿನಲ್ಲಿ ಹೋಗಿ ನೋಡಿಬರಬೇಕಂತೆ.

"ರೀ, ನೀವು ಬರ್ಲಿಲ್ಲ ಅಂದ್ರೆ ನಾನೊಬ್ಳೇ ಹೋಗ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಕೂತ್ಕೋಬೇಡಿ" ಎಂದಳು ಹೆಂಡತಿ.

ಬ್ರಿಸ್ಬೇನ್‌ನಲ್ಲಿ ಓದುತ್ತಿದ್ದ ಮಗಳಿಗೆ ವಿಷಯ ತಿಳಿಸಿದಾಗ ಫೋನಿನಲ್ಲಿ ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರಿಸಿದಳು: "ಅಪ್ಪಾ, ಇಟ್ಸ್ ಬೇಸಿಕಲಿ ಅ ಹ್ಯೂಮನ್ ಝೂ." ನನಗೂ ಹಾಗೇ ಅನ್ನಿಸಿತ್ತು. ಆದರೆ ಅದನ್ನು ಅವಳ ಬಾಯಿಂದ ಕೇಳಿದಾಗ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೆಂಡತಿಗೆ ಹೂಂ ಎಂದುಬಿಟ್ಟೆ.

ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಕಡೆಯಿಂದ ಸೇರಿ ಹದಿನಾಲ್ಕು ಜನ ಹೊರಟೆವು. ಅವರಲ್ಲಿ ಬ್ರಿಸ್ಬೇನ್‌ನವನೊಬ್ಬ ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು. ನನ್ನ ಜೊತೆಗೇ ಭೂವಿಜ್ಞಾನ ಓದಿ, ಕಲ್ಲಿನ ಸಹವಾಸ ಬೇಡವೆಂದು ಕಂಪ್ಯೂಟರಿಗೆ ಹಾರಿ, ಈಗ ಅಲ್ಲಿಯ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಒಂದು ಎ.ಸಿ. ಆಫೀಸಿನಲ್ಲಿ ನಕ್ಷೆಯ ಸಾಫ್ಟ್‌ವೇರ್ ಮಾಡುತ್ತಾನೆ. ಅವನಿದ್ದಾನೆಂಬುದೊಂದೇ ನನಗೆ ಸಮಾಧಾನ. ಅಡಿಸ್ ಅಬಾಬಾದಲ್ಲಿ ಇಳಿದಾಗ ನಮ್ಮ ಚೀಲಗಳಲ್ಲಿ ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಮತ್ತು ಎರಡು ರೈಸ್ ಕುಕ್ಕರ್ ಇದ್ದವು. ಕಳೆದುಹೋದ ಲೋಕವನ್ನು ಹುಡುಕಲು ಹೊರಟವರು ಮಧ್ಯಾಹ್ನದ ಅನ್ನಕ್ಕೆ ಮಾತ್ರ ಪೂರಾ ವ್ಯವಸ್ಥೆ ಮಾಡಿಕೊಂಡಿದ್ದೆವು.

ನಮ್ಮ ಗೈಡ್ ಮೂವತ್ತು ದಾಟಿದ, ಮೆದು ಮಾತಿನ ಮನುಷ್ಯ. ಅವನ ತಾಯಿ ನಾವು ನೋಡಲು ಹೊರಟಿದ್ದ ಊರಿನವರೇ. ಪಟ್ಟಣದಲ್ಲಿ ಓದಿ ಇಂಗ್ಲಿಷ್ ಕಲಿತಿದ್ದ. ಅವನು ಆಡಿದ್ದು ಈಗ ನನ್ನ ಕಿವಿಯಲ್ಲಿ ಕನ್ನಡವಾಗಿಯೇ ಕೂತಿದೆ. ಆ ಊರಿನ ಹೆಸರನ್ನೂ ಆ ಜನರ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ. ಪಿಡಿಎಫ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದ್ದರು, ಅಷ್ಟು ಸಾಕು.

ಊರು ತಲುಪುವ ಮೊದಲು ಜೀಪುಗಳನ್ನು ನಿಲ್ಲಿಸಿ ಅವನು ಪಾಠ ಮಾಡಿದ. ಕೇಳದೆ ಫೋಟೋ ತೆಗೆಯಬೇಡಿ. ಮಕ್ಕಳ ಕೈಗೆ ಚಾಕೊಲೇಟ್ ತುರುಕಬೇಡಿ. ಮೊದಲು ಹಿರಿಯರ ಕೈ ಮುಟ್ಟಿ ನಮಸ್ಕರಿಸಿ, ಆಮೇಲೆ ಉಳಿದವರ ಕಡೆ ತಿರುಗಿ. ನಾವೆಲ್ಲ ಒಳ್ಳೆಯ ಮಕ್ಕಳ ಹಾಗೆ ತಲೆಯಾಡಿಸಿದೆವು. ಕಲ್ಲು ಮುಟ್ಟಬೇಡಿ ಎಂದು ಮಾತ್ರ ಅವನು ಹೇಳಲಿಲ್ಲ. ಅದನ್ನೂ ಹೇಳಬೇಕಾಗುತ್ತದೆಂದು ಅವನಿಗಾದರೂ ಹೇಗೆ ಹೊಳೆಯಬೇಕು?

ಒಣ ಬಯಲು. ಮುಳ್ಳಿನ ಬೇಲಿಯೊಳಗೆ ಹತ್ತು ಹದಿನೈದು ಗುಡಿಸಲು. ಹಿಂದೆ ಒಂದು ಸಣ್ಣ ಗುಡ್ಡ. ಗುಡ್ಡದ ಬುಡದಲ್ಲಿ ಒಂದು ಒರತೆ. ಸುತ್ತಲಿನ ದನಕರುಗಳಿಗೆಲ್ಲ ಅದೊಂದೇ ನೀರು ಎಂದ ಗೈಡ್. ಬೇಸಗೆಯಲ್ಲಿ ಬೇರೆ ಒರತೆಗಳೆಲ್ಲ ಬತ್ತಿದರೂ ಇದು ಬತ್ತುವುದಿಲ್ಲವಂತೆ. ಊರಿನ ಹಿರಿಯ, ಎಪ್ಪತ್ತರ ಆಸುಪಾಸಿನ ಸಣಕಲು ಮನುಷ್ಯ, ಎಲ್ಲಿ ಹೋದರೂ ಕೈಯಲ್ಲಿ ಒಂದು ಗೇಣೆತ್ತರದ ಮರದ ಪೀಠ ಹಿಡಿದೇ ಓಡಾಡುತ್ತಿದ್ದರು. ನಮ್ಮೆಲ್ಲರ ಕೈಯನ್ನೂ ಒಂದೊಂದಾಗಿ ಹಿಡಿದರು. ದನಗಳು ಮೇಯ್ದು ಬಂದ ಮೇಲೆ ಕುಣಿತವೆಂದು ಗೊತ್ತಾಯಿತು. ಅಷ್ಟರಲ್ಲಿ ನಮ್ಮ ಹೆಂಗಸರು ಅಲ್ಲಿಯ ಹೆಂಗಸರ ಪಕ್ಕ ಕೂತು, ಭಾಷೆ ಬಾರದಿದ್ದರೂ ಬಳೆ ತೋರಿಸಿ ಬಳೆ ಮುಟ್ಟಿ ನಗುತ್ತಿದ್ದರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಮಗಳಿಗೆ ಇದನ್ನು ತೋರಿಸಬೇಕು ಎಂದುಕೊಂಡೆ.

ನನಗೆ ಒಂದೆಡೆ ಕೂರುವ ಅಭ್ಯಾಸವಿಲ್ಲ. ಆಡಿನ ದೊಡ್ಡಿ ದಾಟಿ ಗುಡ್ಡದ ಬುಡಕ್ಕೆ ಹೋದೆ. ನೆಲದ ತುಂಬ ಬಿಳಿ ಕಲ್ಲಿನ ಚೂರುಗಳು. ಒಂದನ್ನು ಎತ್ತಿಕೊಂಡೆ. ಕಲ್ಲು ಕಂಡರೆ ಎತ್ತುವುದು, ಎತ್ತಿದರೆ ನೆಕ್ಕುವುದು; ಇದು ನಮ್ಮ ಕಸುಬಿನವರಿಗೆಲ್ಲ ಇರುವ ಚಟ. ಒಣ ಕಲ್ಲಿನ ಮೇಲೆ ಧೂಳು ಕೂತು ಹರಳು ಕಾಣುವುದಿಲ್ಲ, ಒದ್ದೆಯಾದರೆ ಬಣ್ಣ ಬಿಡುತ್ತದೆ. ಕಾಡಿನಲ್ಲಿ ನೀರು ಹುಡುಕುತ್ತಾ ಯಾರು ಹೋಗುತ್ತಾರೆ ಎಂದು ಎಂ.ಎಸ್ಸಿ.ಯಲ್ಲಿ ನಮ್ಮ ಮೇಷ್ಟ್ರೇ ನಾಲಿಗೆ ಚಾಚಿ ತೋರಿಸಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿ ಇದನ್ನು ನೋಡಿ, ಎಂಜಲು ಮಾಡಿದ ಕಲ್ಲನ್ನು ಮನೆಯೊಳಗೆ ತರಕೂಡದೆಂದು ಕಟ್ಟಪ್ಪಣೆ ಮಾಡಿದ್ದಳು. ಅಂದು ಆ ಕಲ್ಲನ್ನು ನೆಕ್ಕಿದ್ದು ನನಗೆ ಗೊತ್ತೇ ಆಗಲಿಲ್ಲ. ಕೊರಳಲ್ಲಿ ಸದಾ ನೇತಾಡುವ ಪುಟ್ಟ ಲೆನ್ಸನ್ನು ಕಣ್ಣಿಗೆ ಹಿಡಿದೆ.

ತಿಳಿ ಹಸಿರು ಛಾಯೆಯ ಉದ್ದುದ್ದ ಹರಳುಗಳು. ನಮ್ಮ ಕಡೆಯ ಗಣಿಗಳಲ್ಲಿ ಇದನ್ನು ನಾನು ಸಾವಿರ ಸಲ ನೋಡಿದ್ದೇನೆ. ಲಿಥಿಯಂ ಇರುವ ಕಲ್ಲು. ಫೋನಿಗೂ ಕಾರಿಗೂ ಬ್ಯಾಟರಿಯಾಗುವುದು ಇದೇ. ತಲೆಯೆತ್ತಿ ನೋಡಿದರೆ ಗುಡ್ಡದ ನೆತ್ತಿಯವರೆಗೂ ಅದೇ ಬಿಳಿ. ಇಂಥದೊಂದು ಕಣ್ಣಿಗೆ ಬೀಳಲಿ ಎಂದು ನಮ್ಮ ಕಸುಬಿನವರು ಜೀವಮಾನವಿಡೀ ಕಾಯುತ್ತಾರೆ. ನನಗೆ ಖುಷಿಯಾಯಿತು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಮೊದಲು ಬರೀ ಖುಷಿಯೇ ಆಯಿತು.

ಹಿಂದಕ್ಕೆ ತಿರುಗಿದರೆ ಊರು ಮೌನವಾಗಿತ್ತು. ಬಳೆ ತೋರಿಸುತ್ತಿದ್ದ ಹೆಂಗಸರು ಕೈ ಹಿಂದಕ್ಕೆ ಎಳೆದುಕೊಂಡಿದ್ದರು. ಹಿರಿಯ ತಮ್ಮ ಪೀಠ ಹಿಡಿದುಕೊಂಡು ನನ್ನತ್ತಲೇ ನಡೆದು ಬರುತ್ತಿದ್ದರು, ಹಿಂದೆ ಗೈಡ್.

"ಏನು ಮಾಡಿದ್ರಿ ಸರ್?" ಎಂದ ಗೈಡ್, ತಗ್ಗಿದ ದನಿಯಲ್ಲಿ. "ನೀವು ಕಲ್ಲು ನೆಕ್ಕಿದ್ದನ್ನ ಇವರು ನೋಡಿದ್ದಾರೆ."

ಎರಡು ದಿಣ್ಣೆ ಆಚೆಗಿನ ಕಣಿವೆಗೆ ಕೆಲವು ವರ್ಷಗಳ ಹಿಂದೆ ಕಲ್ಲು ನೆಕ್ಕುವ ಜನ ಬಂದಿದ್ದರಂತೆ. ಅವರ ಕೊರಳಲ್ಲೂ ಹೀಗೆಯೇ ಗಾಜಿನ ಕಣ್ಣು. ಅವರು ಹೋದ ಮೇಲೆ ಯಂತ್ರ ಬಂತು, ಯಂತ್ರದ ಹಿಂದೆ ತಂತಿ ಬೇಲಿ ಬಂತು, ದನಗಳಿಗೆ ನೀರಿನ ದಾರಿ ಮುಚ್ಚಿತು. ಆ ಕಣಿವೆಯವರು ಈಗ ಪಟ್ಟಣದ ಅಂಚಿನಲ್ಲಿ ಇದ್ದಿಲು ಮಾರುತ್ತಾರೆ. ಅವರಿಗಿದ್ದ ದನ ಒಂದೂ ಉಳಿದಿಲ್ಲ. ಇದನ್ನು ಹೇಳುವಾಗ ಹಿರಿಯರ ದನಿ ಏರಲಿಲ್ಲ. ಗೈಡ್ ಒಂದೊಂದೇ ವಾಕ್ಯ ಅನುವಾದಿಸಿದ. ಕೊನೆಗೆ ಅವರು ನನ್ನ ಕೈಯಲ್ಲಿದ್ದ ಕಲ್ಲನ್ನು ತೋರಿಸಿ ಒಂದೇ ಪ್ರಶ್ನೆ ಕೇಳಿದರು. ಇದರಲ್ಲಿ ಏನಾದರೂ ಇದೆಯೇ?

ಹದಿನಾಲ್ಕು ಜನರಲ್ಲಿ ಹದಿಮೂರು ಜನ ನನ್ನನ್ನೇ ನೋಡುತ್ತಿದ್ದರು. ಅಡಿಲೇಡ್ ಆಂಟಿಯ ಮುಖ ಬಿಳಿಚಿಕೊಂಡಿತ್ತು. ಹೆಂಡತಿಯ ಕಣ್ಣಲ್ಲಿ, ಇಲ್ಲಿಗೂ ಬಂದು ನಿಮ್ಮ ಬುದ್ಧಿ ತೋರಿಸಿದಿರಾ ಎಂಬುದು ಸ್ಪಷ್ಟವಾಗಿತ್ತು. ದನಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು, ಕುಣಿತದವರು ಅಲಂಕಾರ ಮಾಡಿಕೊಂಡು ನಿಂತಿದ್ದರು.

"ಏನೂ ಇಲ್ಲ" ಎಂದೆ. "ಬರೀ ಬಿಳಿ ಕಲ್ಲು."

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವರ ನೆಮ್ಮದಿ ಕೆಡಿಸಬಾರದೆಂದು ಹೇಳಿದೆ ಎಂದುಕೊಳ್ಳಬಹುದು. ಒಂದಿಷ್ಟು ಅದೂ ನಿಜ. ಆದರೆ ಹೆಚ್ಚಿನದು ಪುಕ್ಕಲುತನ. ಎಲ್ಲರ ಸಂಜೆ ನನ್ನಿಂದ ಹಾಳಾಗುತ್ತಿತ್ತು, ಎಲ್ಲರೂ ನೋಡುತ್ತಿದ್ದರು, ಆ ನೋಟದಿಂದ ಬೇಗ ಬಿಡಿಸಿಕೊಳ್ಳಬೇಕಿತ್ತು. ಅಷ್ಟೇ ವಿಷಯ.

ಅಲ್ಲಿಗೇ ಮುಗಿಯಲಿಲ್ಲ. ಅವರಲ್ಲಿ ಹೊರಗಿನವನ ಮಾತನ್ನು ಊರು ಒಪ್ಪಬೇಕಾದರೆ ಒಂದು ಕ್ರಮವಿದೆ. ಹಿರಿಯ ತಮ್ಮ ಪೀಠವನ್ನು ನೆಲಕ್ಕಿಟ್ಟು ನನ್ನನ್ನು ಅದರ ಮೇಲೆ ಕೂರಿಸಿದರು. ಉಳಿದ ಮುದುಕರು ಸುತ್ತ ಕೂತರು. ಬಲಗೈ ನೆಲಕ್ಕೂರಿ, ಅದೇ ಮಾತನ್ನು ಮೂರು ಸಲ ಹೇಳಬೇಕು. ಹೇಳಿದೆ. ಏನೂ ಇಲ್ಲ, ಏನೂ ಇಲ್ಲ, ಏನೂ ಇಲ್ಲ. ಆಮೇಲೆ ಹಿರಿಯ ಕುಡಿದ ಸೋರೆಬುರುಡೆಯಿಂದಲೇ ನಾನೂ ಕಾಫಿ ಕುಡಿಯಬೇಕು. ಕಾಫಿಯ ಸಿಪ್ಪೆ ಕುದಿಸಿದ ಉಪ್ಪುಪ್ಪು ನೀರು. ಕುಡಿದೆ. ಇನ್ನು ನಿಮ್ಮ ಮಾತು ಈ ಊರಿನದು ಎಂದ ಗೈಡ್, ಹಗುರಾಗಿ ನಕ್ಕು. ಹಿರಿಯ ನನ್ನ ಎರಡೂ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. ಹೆಂಗಸರು ಮತ್ತೆ ನಗತೊಡಗಿದರು, ಕುಣಿತ ಶುರುವಾಯಿತು. ನಮ್ಮವರ ಫೋನುಗಳಲ್ಲಿ ಇವತ್ತಿಗೂ ಆ ಕುಣಿತ ಇದೆ.

ವಾಪಸು ಜೀಪಿನಲ್ಲಿ ಬ್ರಿಸ್ಬೇನ್ ಗೆಳೆಯ ನನ್ನ ಪಕ್ಕ ಕೂತ.

"ನಿಜ ಹೇಳೋ, ಏನದು?"

ಹೇಳಿದೆ. ಅವನೂ ಅದನ್ನೇ ಓದಿದವನಲ್ಲವೇ, ಗುಡ್ಡದ ಬಣ್ಣ ನೋಡಿಯೇ ಅನುಮಾನಪಟ್ಟಿದ್ದ.

"ಒಳ್ಳೇದೇ ಮಾಡ್ದೆ ಬಿಡು ಗುರು" ಎಂದ. "ಇದೆ ಅಂದಿದ್ರೆ ಪಾಪ, ಅವ್ರಿಗೆ ಊಟ ಸೇರ್ತಿರ್ಲಿಲ್ಲ. ನಾವಿಬ್ರೂ ಬಾಯಿ ಮುಚ್ಕೊಂಡಿದ್ರೆ ಆಯ್ತಪ್ಪ."

ನಾವಿಬ್ಬರೂ ಬಾಯಿ ಮುಚ್ಚಿಕೊಂಡೆವು. ಅದರಲ್ಲಿ ಮೋಸವಿಲ್ಲ. ಕಂಪನಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಬಂದ ಮೇಲೆ ಪರ್ತ್‌ನವರೆಲ್ಲ ಸ್ವಾನ್ ವ್ಯಾಲಿಯ ಒಂದು ದ್ರಾಕ್ಷಿ ತೋಟದಲ್ಲಿ ಸೇರಿ ಬಾರ್ಬೆಕ್ಯೂ ಮಾಡಿಕೊಂಡು ಫೋಟೋಗಳನ್ನು ನೋಡಿದೆವು. ನಾನು ಪೀಠದ ಮೇಲೆ ಕೂತ ಫೋಟೋ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. "ಊರ ಗೌಡ್ರಿಗೆ ಜೈ" ಎಂದು ಯಾರೋ ಛೇಡಿಸಿದರು. ನಾನೂ ನಕ್ಕೆ. ಒಂದು ಒಳ್ಳೆಯ ಕೆಲಸ ಮಾಡಿ ಯಾರಿಗೂ ಹೇಳದೆ ಇಟ್ಟುಕೊಂಡವನ ಹೆಮ್ಮೆಯೂ ಒಳಗೊಳಗೇ ಇತ್ತು.

ಒಂದೂವರೆ ವರ್ಷ ಕಳೆದಿರಬೇಕು. ಅಡಿಲೇಡ್ ಆಂಟಿ ಫೋನ್ ಮಾಡಿದರು. ಹೊಸ ಗುಂಪು ಹೊರಡಿಸುತ್ತಿದ್ದರು.

"ನೋಡಿ, ಆ ಊರನ್ನ ಲಿಸ್ಟಿಂದ ತೆಗೀಬೇಕಂತೆ. ಗೈಡ್ ಹೇಳ್ತಿದ್ದಾನೆ. ಏನೋ ಡ್ರಿಲ್ಲಿಂಗ್ ನಡೀತಿದ್ಯಂತೆ, ಟೂರಿಸ್ಟ್‌ಗಳನ್ನ ಬಿಡ್ತಿಲ್ವಂತೆ. ನಿಮ್ಮ ಫೀಲ್ಡ್ ಅಲ್ವಾ, ಎಷ್ಟು ದಿನದ ಕೆಲ್ಸ ಅಂತ ಸ್ವಲ್ಪ ಅವ್ನನ್ನ ಕೇಳ್ತೀರಾ? ನಮಗೆ ಅಷ್ಟು ಅಥೆಂಟಿಕ್ ಆಗಿರೋ ಊರು ಬೇರೆ ಸಿಗಲ್ಲ."

ಅವರ ಫೋನ್ ಇಟ್ಟವನೇ ಗೈಡ್‌ಗೆ ವಾಟ್ಸಾಪ್ ಮಾಡಿದೆ. ಎರಡು ದಿನ ಬಿಟ್ಟು ಉದ್ದದ ಉತ್ತರ ಬಂತು.

ಕಂಪನಿ ತಾನಾಗಿಯೇ ಬಂದಿತ್ತು. ಎಲ್ಲಿಯದೋ ಉಪಗ್ರಹದ ಚಿತ್ರ ನೋಡಿ ಬಂದವರು. ನನ್ನಿಂದಲ್ಲ, ಗೆಳೆಯನಿಂದಲೂ ಅಲ್ಲ. ಅದನ್ನು ಓದಿ ಒಂದು ಕ್ಷಣ ಉಸಿರು ಬಿಟ್ಟೆ. ಮುಂದಿನದನ್ನು ಓದುವವರೆಗೆ ಅಷ್ಟೆ. ಕೊರೆಯುವ ಮೊದಲು ಊರಿನವರ ಒಪ್ಪಿಗೆ ಬೇಕೆಂದು ಅಧಿಕಾರಿಗಳು ಮರದ ಕೆಳಗೆ ಸಭೆ ಕರೆದಿದ್ದರು. ಇಂಥ ಸಭೆ ಬರುತ್ತದೆಂದು ಆ ಕಡೆಯ ಊರುಗಳಿಗೆಲ್ಲ ಗೊತ್ತಿತ್ತು. ಆಚೆ ಕಣಿವೆಯವರ ಗತಿ ನೋಡಿದ್ದ ಪಕ್ಕದ ಎರಡು ಊರಿನವರು ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಹಟ ಹಿಡಿದರು. ಕಂಪನಿ ಅಲ್ಲಿಂದ ಹಿಂದೆ ಸರಿಯಿತು. ಈ ಊರಿನವರು ಮಾತ್ರ ಮೊದಲ ಸಭೆಯಲ್ಲೇ ಒತ್ತಿದರು.

ಗೈಡ್ ಬರೆದಿದ್ದ: "ಹಿರಿಯರು ಎಲ್ಲರಿಗೂ ಹೇಳಿದರು ಸರ್. ಕಲ್ಲು ಬಲ್ಲವನೊಬ್ಬ ನಮ್ಮ ಪೀಠದ ಮೇಲೆ ಕೂತು, ನೆಲ ಮುಟ್ಟಿ, ನಮ್ಮ ಬುರುಡೆಯಲ್ಲಿ ಕುಡಿದು, ಇಲ್ಲಿ ಏನೂ ಇಲ್ಲ ಎಂದಿದ್ದಾನೆ. ಇವರ ಜೊತೆ ಯಾಕೆ ಜಗಳ? ಕೊರೆದು ನೋಡಲಿ, ಏನೂ ಸಿಗುವುದಿಲ್ಲ, ತಾವೇ ಹೋಗುತ್ತಾರೆ. ಹೀಗೆ ಹೇಳಿ ಮೊದಲ ಹೆಬ್ಬೆಟ್ಟು ಅವರೇ ಒತ್ತಿದರು."

ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತೆ. ಹೆಂಡತಿ ಬಂದು ಬಿ.ಪಿ. ಮಾತ್ರೆ ತಗೊಂಡ್ರಾ ಎಂದು ಕೇಳಿದಳು. ಅಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಅವ್ರು ನಿಮ್ಮ ಕೈನ ಹಣೆಗೆ ಒತ್ಕೊಂಡ್ರಲ್ರೀ" ಎಂದಳು, ಅಷ್ಟೆ.

ನಮ್ಮ ಆಫೀಸಿನಲ್ಲಿ ಮೀಟಿಂಗ್ ಶುರುವಾಗುವ ಮೊದಲು ಈ ನೆಲದ ಮೂಲ ಜನರಿಗೆ ಗೌರವ ಸಲ್ಲಿಸುವ ನಾಲ್ಕು ಸಾಲು ಓದುತ್ತಾರೆ. ಸರದಿಯಂತೆ ಒಬ್ಬೊಬ್ಬರು. ಆ ವಾರ ಸರದಿ ನನ್ನದಾಗಿತ್ತು. ಓದಿದೆ. ಒಂದು ಅಕ್ಷರವೂ ತೊದಲಲಿಲ್ಲ. ಮುಗಿಸಿ ಕೂತ ಮೇಲೆ ನನ್ನನ್ನು ಕಂಡು ನನಗೇ ಹೆದರಿಕೆಯಾಯಿತು.

ಮಗಳನ್ನು ನೋಡುವ ನೆಪದಲ್ಲಿ ಬ್ರಿಸ್ಬೇನ್‌ಗೆ ಹೋದೆ. ಗೆಳೆಯನ ಆಫೀಸಿನ ಕೆಳಗೆ, ಪಾರ್ಕಿಂಗ್ ಪಕ್ಕದ ಬೆಂಚಿನ ಮೇಲೆ ಕೂತು ಗೈಡ್‌ನ ಮೆಸೇಜನ್ನು ಅವನಿಗೆ ಓದಿಸಿದೆ. ಅವನು ಎರಡು ಸಲ ಓದಿದ.

"ನೀನು ಹಾಗೆ ಹೇಳ್ದೇ ಇದ್ರೂ ಕಂಪ್ನಿಯವ್ರು ಬಂದೇ ಬರ್ತಿದ್ರು ಕಣೋ."

"ಬರ್ತಿದ್ರು. ಆದ್ರೆ ಇವ್ರು ಬೇಡ ಅಂತಿದ್ರು. ಪಕ್ಕದೂರಿನವ್ರು ಅಂದ್ರಲ್ಲ. ಬೇಡ ಅನ್ನೋ ಬಾಯನ್ನ ನಾನು ಕಟ್ಟಿದ್ದು."

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಹಾಗಾದ್ರೆ ನಿಜ ಹೇಳ್ಬಿಡು. ಈಗ್ಲಾದ್ರೂ ಗಲಾಟೆ ಮಾಡ್ತಾರೆ, ಲಾಯರ್ ಹಿಡೀತಾರೆ. ಆಗ ಒಳ್ಳೇದೇ ಮಾಡ್ದೆ ಅಂದೋನೂ ನಾನೇ. ತಪ್ಪಾಯ್ತು. ಹೋಗಿ ಹೇಳ್ಬಿಡು ಮಗಾ."

ಹೇಳಬೇಕೆಂದೇ ಪರ್ತ್‌ಗೆ ಬಂದೆ. ಹೇಳುವ ಮಾತನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ಬರೆದೂ ಇಟ್ಟುಕೊಂಡೆ. ಒಂದು ಮಧ್ಯಾಹ್ನ, ಹೆಂಡತಿ ಡ್ಯೂಟಿಗೆ ಹೋದ ಮೇಲೆ, ಗೈಡ್‌ಗೆ ಫೋನ್ ಹಚ್ಚಿದೆ. ಬೇಗ ಸಿಕ್ಕ. ಈಗ ಊರಲ್ಲೂ ಸಿಗ್ನಲ್ ಇದೆ ಎಂದ, ಡ್ರಿಲ್ಲಿಂಗ್ ಕ್ಯಾಂಪಿನವರು ಟವರ್ ಹಾಕಿಸಿದ್ದಾರಂತೆ. ಹಿಂದಿನಿಂದ ಯಂತ್ರದ ಸದ್ದು ಕೇಳುತ್ತಿತ್ತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು.

ನಾನು ಹಾಳೆ ನೋಡಿಕೊಂಡು ಓದಿದೆ. ಅಂದು ನಾನು ಹೇಳಿದ್ದು ಸುಳ್ಳು. ಆ ಗುಡ್ಡದಲ್ಲಿ ಬಹಳ ಇದೆ. ಅದು ನನಗೆ ಆವತ್ತೇ ಗೊತ್ತಿತ್ತು.

ಗೈಡ್ ಪೂರಾ ಕೇಳಿಸಿಕೊಂಡ. ಆಮೇಲೆ, "ಆವತ್ತು ಸಂಜೆ ಹಿರಿಯರು ನನ್ನನ್ನೂ ಕೇಳಿದ್ರು" ಎಂದ. "ಈ ಮನುಷ್ಯನನ್ನ ನಂಬಬಹುದಾ ಅಂತ. ನಂಬಬಹುದು ಅಂದಿದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಒರತೆ ನೀರು ಕೆಸರಾಗಿದೆ ಸರ್. ದನಗಳು ಮೂಸಿ ನೋಡಿ ವಾಪಸ್ ಬರ್ತವೆ. ಹಿರಿಯರು ಇಲ್ಲೇ ನನ್ನ ಪಕ್ಕದಲ್ಲೇ ಕೂತಿದ್ದಾರೆ. ನಿಮ್ಮ ಫೋನು ಅಂತ ಗೊತ್ತಾಗಿ ಬಂದ್ರು. ಈಗ ನನಗೆ ಹೇಳಿದ್ದನ್ನ ಅವರಿಗೇ ಹೇಳಿ. ನಾನು ಅನುವಾದ ಮಾಡ್ತೀನಿ."

ಫೋನು ಕೈ ಬದಲಾದದ್ದು ತಿಳಿಯಿತು. ಮುದುಕರ ಉಸಿರು ಕೇಳಿಸಿತು. ಅವರು ನಿಧಾನವಾಗಿ, ಗೌರವವಾಗಿ ಏನೋ ಕೇಳಿದರು. ಗೈಡ್ ಅನುವಾದಿಸಿದ: "ಕಂಪನಿಯವರು ಬಂದು ನಾಲ್ಕು ತಿಂಗಳಾಯ್ತು. ಏನೂ ಇಲ್ಲ ಅಂತ ಇವರಿಗೆ ಗೊತ್ತಾಗೋಕೆ ಇನ್ನೂ ಎಷ್ಟು ದಿನ ಬೇಕು? ನೀವು ಬಲ್ಲವರು, ನೀವು ಹೇಳಿ."

ಹಾಳೆ ನನ್ನ ಮುಂದೆಯೇ ಇತ್ತು. ಮೂರೇ ವಾಕ್ಯ. ಈಗಷ್ಟೇ ಓದಿದ ಮೂರು ವಾಕ್ಯ.

"ಇನ್ನು ಸ್ವಲ್ಪ ದಿನ" ಎಂದೆ.

ಅದನ್ನು ಗೈಡ್ ಕೂಡಲೇ ಅನುವಾದಿಸಲಿಲ್ಲ. ಅವನು ನಿಜವನ್ನೇ ಹೇಳಿಬಿಡಲಿ ಎಂದು ನಾನು ಕಣ್ಣು ಮುಚ್ಚಿ ಬೇಡಿಕೊಂಡೆ. ನನ್ನ ಕೈಲಾಗದ್ದನ್ನು ಅವನಾದರೂ ಮಾಡಲಿ. ಯಂತ್ರ ತಿರುಗುತ್ತಲೇ ಇತ್ತು. ಕೊನೆಗೆ ಅವನು ಅವರ ಭಾಷೆಯಲ್ಲಿ ಚಿಕ್ಕದೊಂದು ಮಾತು ಹೇಳಿದ. ಹಿರಿಯ ನಿರಾಳವಾಗಿ ನಕ್ಕದ್ದು ಕೇಳಿಸಿತು. ಅಲ್ಲಿದ್ದ ಬೇರೆಯವರಿಗೂ ಅದನ್ನು ಕೂಗಿ ಹೇಳಿದರು, ಅವರೂ ನಕ್ಕರು.

"ನಿಮ್ಮ ದನಕರು ಹೆಚ್ಚಲಿ ಅಂತಿದ್ದಾರೆ" ಎಂದ ಗೈಡ್. ಫೋನ್ ಇಟ್ಟುಬಿಟ್ಟ.